ಹವಳದ ಟ್ಯಾಂಕ್‌ಗೆ ಎಲ್‌ಇಡಿ ಬೆಳಕು: ದೀಪ ಕೊಳ್ಳುವ ಮೊದಲಿನಿಂದ ಹವಳ ಒಗ್ಗಿಕೊಳ್ಳುವವರೆಗೆ

ಹೊಸ ಎಲ್‌ಇಡಿ ದೀಪ ಹಾಕಿದ ಮೂರನೇ ದಿನ ನನ್ನ ಮಾಂಟಿಪೋರಾ ಹವಳದ ಮೇಲ್ಭಾಗ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಹಳೆಯ ಟಿ5 ಟ್ಯೂಬ್‌ಗಳ ಕೆಳಗೆ ಎರಡು ವರ್ಷ ಚೆನ್ನಾಗಿ ಬೆಳೆದಿದ್ದ ಹವಳ ಅದು. ಹೊಸ ದೀಪ ನೋಡಲು ಮಂಕಾಗಿತ್ತು. ಟ್ಯಾಂಕ್ ಪೂರ್ತಿ ನೀಲಿ ನೀಲಿ. ಇಷ್ಟು ಮಂದ ಬೆಳಕು ಸಾಲುವುದಿಲ್ಲ ಅಂದುಕೊಂಡು ಶೇ. 80ಕ್ಕೆ ಏರಿಸಿಬಿಟ್ಟಿದ್ದೆ. ಆಮೇಲೆ ಗೆಳೆಯರೊಬ್ಬರು ಪಾರ್ ಮೀಟರ್, ಅಂದರೆ ಹವಳಕ್ಕೆ ಸಿಗುವ ಬೆಳಕನ್ನು ಅಳೆಯುವ ಸಾಧನ ತಂದು ನೀರಿಗಿಳಿಸಿದರು. ಹವಳ ಕೂತ ಜಾಗದಲ್ಲಿ 480 ತೋರಿಸಿತು. ಹಳೆಯ ಟ್ಯೂಬ್‌ಗಳನ್ನು ಮತ್ತೆ ಹಚ್ಚಿ ಅಳೆದೆವು. ಅದೇ ಜಾಗದಲ್ಲಿ 160. ನನ್ನ ಕಣ್ಣಿಗೆ ಕಮ್ಮಿ ಅನ್ನಿಸಿದ ಬೆಳಕು ಹವಳದ ಪಾಲಿಗೆ ಮೂರು ಪಟ್ಟು ಜಾಸ್ತಿ ಆಗಿತ್ತು.

ಅವತ್ತಿನಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ. ಬೆಳಕನ್ನು ಕಣ್ಣಿನಿಂದ ಅಂದಾಜು ಮಾಡುವುದಿಲ್ಲ. ಒಂದೇ ಸಲಕ್ಕೆ ಏರಿಸುವುದಿಲ್ಲ. ಈ ಬರಹದ ಉಳಿದ ಮಾತೆಲ್ಲ ಈ ಎರಡನ್ನು ಕೈಯಾರೆ ಮಾಡುವುದು ಹೇಗೆ ಅನ್ನುವುದೇ.

ಬೆಳಕು ಹವಳಕ್ಕೆ ಊಟವಾಗುವ ಬಗೆ

ಹವಳ ಒಂದು ಪ್ರಾಣಿ. ಆದರೆ ಅದರ ಜೀವಕೋಶಗಳ ಒಳಗೆ ಝೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ಮನೆ ಮಾಡಿಕೊಂಡಿರುತ್ತದೆ. ಬೆಳಕು ಬಿದ್ದಾಗ ಈ ಪಾಚಿ ಆಹಾರ ತಯಾರಿಸುತ್ತದೆ. ಅದರಲ್ಲಿ ದೊಡ್ಡ ಪಾಲು ಹವಳಕ್ಕೆ ಸಿಗುತ್ತದೆ. ಹವಳ ಬಿಡುವ ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕದ ತ್ಯಾಜ್ಯ ಪಾಚಿಗೆ ಗೊಬ್ಬರ. ನಾವು ದೀಪ ಹಚ್ಚುವುದು ಈ ಪಾಚಿಗಾಗಿ.

ಬೆಳಕು ಕಮ್ಮಿಯಾದರೆ ಹವಳ ಒಳಗಿನ ಪಾಚಿಯನ್ನು ಜಾಸ್ತಿ ಮಾಡಿಕೊಳ್ಳುತ್ತದೆ. ಪಾಚಿಯ ಬಣ್ಣ ಕಂದು, ಹಾಗಾಗಿ ಹವಳವೂ ಕಂದಾಗುತ್ತದೆ. ಬೆಳಕು ಮಿತಿ ಮೀರಿದರೆ ಪಾಚಿಯ ಒಳಗೆ ಆಮ್ಲಜನಕದ ಹಾನಿಕರ ರೂಪಗಳು ಹುಟ್ಟಿ ಹವಳವನ್ನೇ ಸುಡತೊಡಗುತ್ತವೆ. ಆಗ ಹವಳ ತನ್ನ ಪಾಚಿಯನ್ನು ಹೊರಗೆ ಹಾಕುತ್ತದೆ. ಚರ್ಮ ಪಾರದರ್ಶಕವಾಗಿ ಒಳಗಿನ ಬಿಳಿ ಅಸ್ಥಿ ಕಾಣಿಸುತ್ತದೆ. ಬ್ಲೀಚಿಂಗ್ ಅನ್ನುವುದು ಇದನ್ನೇ. ಬ್ಲೀಚ್ ಆದ ಹವಳ ಇನ್ನೂ ಸತ್ತಿರುವುದಿಲ್ಲ, ಹಸಿದಿರುತ್ತದೆ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಇನ್ನು ನೀಲಿ ಯಾಕೆ? ಸಮುದ್ರದ ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರ್‌ಗಳಲ್ಲೇ ಹೀರಿಬಿಡುತ್ತದೆ. ಆಳಕ್ಕೆ ಇಳಿಯುವುದು ನೀಲಿ. ಹವಳದ ಪಾಚಿಯಲ್ಲಿರುವ ಕ್ಲೋರೋಫಿಲ್ ಮತ್ತು ಪೆರಿಡಿನಿನ್ ಎಂಬ ವರ್ಣದ್ರವ್ಯಗಳು ನೀಲಿ ಮತ್ತು ನೀಲಿ-ಹಸಿರು ಬೆಳಕನ್ನು ಚೆನ್ನಾಗಿ ಹಿಡಿಯುತ್ತವೆ. ಅದರ ಜೊತೆ ಹವಳದ ಫ್ಲೋರೊಸೆಂಟ್ ಪ್ರೋಟೀನ್‌ಗಳು ನೀಲಿ ಬೆಳಕನ್ನು ಹೀರಿ ಹಸಿರು, ಕಿತ್ತಳೆ, ಕೆಂಪಾಗಿ ಹೊರಬಿಡುತ್ತವೆ. ನಾವು ಮರುಳಾಗುವ ಆ ಹೊಳಪು ಇಲ್ಲಿಂದ ಬರುವುದು. ದಕ್ಷವಾದ ನೀಲಿ ಎಲ್‌ಇಡಿ ಬರದಿದ್ದರೆ ಇವತ್ತಿನ ಈ ದೀಪಗಳೇ ಇರುತ್ತಿರಲಿಲ್ಲ. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೋ, ಶೂಜಿ ನಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಟ್ಯಾಂಕ್ ಮುಂದೆ ಕೂತಾಗ ಈ ಮೂವರನ್ನು ನಾನು ಆಗಾಗ ನೆನೆಯುತ್ತೇನೆ.

ಹೆಜ್ಜೆ 1: ಮೊದಲು ಹವಳ, ಆಮೇಲೆ ದೀಪ

ಯಾವ ಹವಳ ಸಾಕುತ್ತೀರಿ ಅನ್ನುವುದು ತೀರ್ಮಾನವಾಗದೆ ದೀಪದ ಅಂಗಡಿ ಕಡೆ ಹೋಗಬೇಡಿ. ಬೆಳಕಿನ ಲೆಕ್ಕ ಪಾರ್‌ನಲ್ಲಿ. 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ ಎಷ್ಟು ಬೆಳಕಿನ ಕಣಗಳು ಒಂದು ಚದರ ಮೀಟರ್ ಮೇಲೆ ಒಂದು ಸೆಕೆಂಡಿಗೆ ಬೀಳುತ್ತವೆ ಅನ್ನುವ ಲೆಕ್ಕ ಅದು. ಮೈಕ್ರೋಮೋಲ್ ಅದರ ಮಾನ. ನಡು ಮಧ್ಯಾಹ್ನದ ಬಿಸಿಲು ಸುಮಾರು 2000.

ಮನೆ ಟ್ಯಾಂಕ್‌ನಲ್ಲಿ ಹವಳ ಸಾಕುವವರು ಬಳಸುವ ಅಂಕಿಗಳು ಹೀಗಿವೆ:

- ಮಶ್ರೂಮ್, ಲೆದರ್ ಮುಂತಾದ ಮೆತ್ತನೆ ಹವಳಗಳು: 50ರಿಂದ 100
- ಗುಂಪಾಗಿ ಬೆಳೆಯುವ, ಪುಟ್ಟ ಹೂವಿನಂಥ ಝೋವಾಂಥಿಡ್‌ಗಳು: 50ರಿಂದ 150
- ಟಾರ್ಚ್, ಹ್ಯಾಮರ್, ಅಕಾಂತೊಫಿಲಿಯಾದಂಥ ದೊಡ್ಡ ಪಾಲಿಪ್‌ನ (ಪಾಲಿಪ್ ಅಂದರೆ ಹವಳದ ಹೂವಿನಂಥ ಒಂದೊಂದು ಬಿಡಿ ಜೀವ) ಗಟ್ಟಿ ಹವಳಗಳು, ಅಂದರೆ ಎಲ್‌ಪಿಎಸ್: 75ರಿಂದ 150
- ಮಾಂಟಿಪೋರಾ, ಅಕ್ರೋಪೋರಾದಂಥ ಸಣ್ಣ ಪಾಲಿಪ್‌ನವು, ಅಂದರೆ ಎಸ್‌ಪಿಎಸ್: 200ರಿಂದ 350

ಇವು ಗೋಡೆ ಕಟ್ಟಿದ ಗಡಿಗಳಲ್ಲ. ನಿಧಾನವಾಗಿ ಒಗ್ಗಿಸಿದರೆ ಎಷ್ಟೋ ಹವಳಗಳು ಇದರ ಆಚೀಚೆಗೂ ಹೊಂದಿಕೊಳ್ಳುತ್ತವೆ. ಬೆಳಕೇ ಬೇಡದ ಹವಳವೂ ಇದೆ. ಕಿತ್ತಳೆ ಬಣ್ಣದ ಸನ್ ಕೋರಲ್‌ನ ಒಳಗೆ ಪಾಚಿಯೇ ಇಲ್ಲ. ಹೆಸರಿನಲ್ಲಿ ಸೂರ್ಯನಿದ್ದರೂ ಅದು ಬದುಕುವುದು ನಾವು ಹಾಕುವ ಊಟದಿಂದ.

ಹೊಸಬರಿಗೆ ನನ್ನ ಸಲಹೆ ಇದು. ಬಂಡೆಯ ತುದಿಯಲ್ಲಿ 200, ನಡುವೆ 120, ಮರಳಿನ ಮೇಲೆ 60ರಿಂದ 80 ಬರುವ ಹಾಗೆ ಗುರಿ ಇಟ್ಟುಕೊಳ್ಳಿ. ಒಂದೇ ಟ್ಯಾಂಕ್‌ನಲ್ಲಿ ಎಲ್ಲ ಬಗೆಯ ಹವಳಕ್ಕೂ ಒಂದೊಂದು ಜಾಗ ಸಿಗುತ್ತದೆ.

ಹೆಜ್ಜೆ 2: ದೀಪ ಆರಿಸುವುದು

ಪೆಟ್ಟಿಗೆ ಮೇಲಿನ ವ್ಯಾಟ್ ನೋಡಿ ಮಾರುಹೋಗಬೇಡಿ. ಲೀಟರ್‌ಗೆ ಇಷ್ಟು ವ್ಯಾಟ್ ಅನ್ನುವ ಲೆಕ್ಕ ಟ್ಯೂಬ್‌ಲೈಟ್ ಕಾಲದ್ದು. ಎಲ್‌ಇಡಿಯಲ್ಲಿ ಒಂದೇ ವ್ಯಾಟ್‌ನ ಎರಡು ದೀಪಗಳು ಕೊಡುವ ಪಾರ್ ತುಂಬಾ ಬೇರೆ ಇರಬಹುದು. ತಯಾರಕರು ಕೊಡುವ ಪಾರ್ ನಕ್ಷೆ ಕೇಳಿ. ನಡುವಿನ ಒಂದೇ ಅಂಕಿ ಸಾಲದು, ಮೂಲೆಗಳಲ್ಲಿ ಎಷ್ಟು ಅನ್ನುವುದೂ ಇರಬೇಕು. ದೀಪ ಎಷ್ಟು ಎತ್ತರದಲ್ಲಿದ್ದಾಗ ಅಳೆದದ್ದು ಅಂತಲೂ ನೋಡಿ.

ಬಣ್ಣಗಳ ವಿಷಯ. 450 ನ್ಯಾನೋಮೀಟರ್ ಸುತ್ತಿನ ರಾಯಲ್ ಬ್ಲೂ ದೀಪದ ಬೆನ್ನೆಲುಬು. ಜೊತೆಗೆ 470ರ ನೀಲಿ, 400ರಿಂದ 430ರ ನೇರಳೆ, ಒಂದಿಷ್ಟು ಬಿಳಿ. ಇಷ್ಟಿದ್ದರೆ ಹವಳಕ್ಕೆ ಬೇಕಾದ್ದು ಬಹುಪಾಲು ಬಂತು. ಕೆಂಪು ಮತ್ತು ಹಸಿರು ಬಲ್ಬ್‌ಗಳು ಹೆಚ್ಚಾಗಿ ನಮ್ಮ ಕಣ್ಣಿಗಾಗಿ. ಮೀನಿನ ಬಣ್ಣ ಸಹಜವಾಗಿ ಕಾಣಲು ಸಹಾಯ ಮಾಡುತ್ತವೆ. ನಾನು ಅವೆರಡನ್ನೂ ಶೇ. 5ರ ಮೇಲೆ ಏರಿಸುವುದಿಲ್ಲ. ಸಮುದ್ರದ ಆಳದಲ್ಲಿ ಕೆಂಪು ಇರುವುದಿಲ್ಲ, ನಿಜ. ಆದರೆ ನಮ್ಮ ಟ್ಯಾಂಕ್‌ನ ಅರ್ಧ ಮೀಟರ್ ನೀರು ಕೆಂಪನ್ನು ಅಷ್ಟೇನೂ ಹೀರುವುದಿಲ್ಲ. ದೀಪದಿಂದ ಹೊರಟ ಕೆಂಪು ಹೆಚ್ಚುಕಡಿಮೆ ಹಾಗೇ ಹವಳಕ್ಕೆ ಬೀಳುತ್ತದೆ.

ಪ್ರತಿ ಬಣ್ಣದ ಗುಂಪನ್ನು ಬೇರೆಬೇರೆಯಾಗಿ ಏರಿಳಿಸುವ ಸೌಲಭ್ಯ ಇರಲೇಬೇಕು. ಟೈಮರ್ ಮತ್ತು ನಿಧಾನ ಏರಿಕೆ ಒಳಗೇ ಇದ್ದರೆ ಒಳ್ಳೆಯದು. ಹೊಸಬರು ಮರೆಯುವ ಇನ್ನೊಂದು ಸಂಗತಿ ಲೆನ್ಸ್. ಕಿರಿದಾದ ಕೋನದ ಲೆನ್ಸ್ ಬೆಳಕನ್ನು ಕಂಬದ ಹಾಗೆ ಕೆಳಗೆ ತಳ್ಳುತ್ತದೆ. ನಡುವೆ ಹವಳ ಸುಡುತ್ತದೆ, ಅಕ್ಕಪಕ್ಕ ಕತ್ತಲೆ. 60 ಸೆಂ.ಮೀ. ಒಳಗಿನ ಎತ್ತರದ ಟ್ಯಾಂಕ್‌ಗೆ 90ರಿಂದ 120 ಡಿಗ್ರಿ ಹರಡುವ ದೀಪವೇ ಸರಿ. ಕಿರಿದಾದ ಲೆನ್ಸ್ ಬೇಕಾಗುವುದು ತುಂಬಾ ಆಳದ ಟ್ಯಾಂಕ್‌ಗೆ, ಅಥವಾ ದೀಪ ತೀರಾ ಮೇಲೆ ತೂಗಿದಾಗ.

ಹೆಜ್ಜೆ 3: ಎಷ್ಟು ದೀಪ, ಎಲ್ಲಿ

ಟ್ಯಾಂಕ್ ಉದ್ದದ ಪ್ರತಿ 60 ಸೆಂ.ಮೀ.ಗೆ ಒಂದು ದೀಪ ಅನ್ನುವುದು ಸುಮಾರು ಲೆಕ್ಕ. ಎಸ್‌ಪಿಎಸ್ ಜಾಸ್ತಿ ಇದ್ದರೆ 45 ಸೆಂ.ಮೀ.ಗೆ ಒಂದು. ನನ್ನ ಟ್ಯಾಂಕ್ 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಒಂದು ದೊಡ್ಡ ದೀಪದಿಂದ ಶುರು ಮಾಡಿ ಈಗ ಎರಡು ಚಿಕ್ಕವಕ್ಕೆ ಬಂದಿದ್ದೇನೆ. ಒಂದು ದೊಡ್ಡದಕ್ಕಿಂತ ಎರಡು ಚಿಕ್ಕವು ಯಾವಾಗಲೂ ಮೇಲು ಅಂತ ಈಗ ಧೈರ್ಯವಾಗಿ ಹೇಳುತ್ತೇನೆ. ಕಾರಣ ನೆರಳು. ಎಲ್‌ಇಡಿ ಬೆಳಕು ಒಂದು ಸಣ್ಣ ಜಾಗದಿಂದ ಹೊರಡುತ್ತದೆ. ಕವಲೊಡೆದ ಹವಳದ ಒಂದು ಬದಿಗೆ ಬಿಸಿಲು, ಇನ್ನೊಂದು ಬದಿಗೆ ಗಾಢ ನೆರಳು. ನೆರಳಿನ ಬದಿಯ ಚರ್ಮ ಮೆಲ್ಲಗೆ ಸಾಯುತ್ತದೆ. ಎರಡು ಕಡೆಯಿಂದ ಬೆಳಕು ಬಂದರೆ ಒಂದರ ನೆರಳನ್ನು ಇನ್ನೊಂದು ತುಂಬುತ್ತದೆ. ಒಂದು ದೀಪ ಕೆಟ್ಟರೂ ಟ್ಯಾಂಕ್ ಪೂರ್ತಿ ಕತ್ತಲಾಗುವುದಿಲ್ಲ.

ಬಂಡೆ ಜೋಡಣೆ ಎಲ್ಲಿದೆಯೋ ಅದರ ಮೇಲೆ ದೀಪ ಬರಲಿ. ಬಂಡೆ ಹಿಂಗೋಡೆ ಕಡೆ ಇದ್ದರೆ ದೀಪವನ್ನು ನಡುಗೆರೆಯಿಂದ ಕೊಂಚ ಮುಂದಕ್ಕೆ ಇಡಿ. ಹವಳದ ಮುಂಭಾಗಕ್ಕೆ, ಅಂದರೆ ನೀವು ನೋಡುವ ಬದಿಗೆ, ಬೆಳಕು ಬೀಳುತ್ತದೆ. ಮುಂಗಾಜಿನ ಮೇಲೆ ನೇರ ಬೆಳಕು ಸುರಿದರೆ ಮಾತ್ರ ಅಲ್ಲಿ ಪಾಚಿ ಬೇಗ ಕಟ್ಟುತ್ತದೆ.

ಹೆಜ್ಜೆ 4: ಕೂರಿಸುವುದು

ನೀರಿನ ಮಟ್ಟದಿಂದ 20ರಿಂದ 30 ಸೆಂ.ಮೀ. ಮೇಲೆ ಇಡಿ. ಎತ್ತರಿಸಿದಷ್ಟೂ ಬೆಳಕು ಹರಡುತ್ತದೆ, ಬಣ್ಣಗಳು ಚೆನ್ನಾಗಿ ಬೆರೆಯುತ್ತವೆ, ನಡುವಿನ ಉರಿ ಕಮ್ಮಿಯಾಗುತ್ತದೆ. ತೀರಾ ಎತ್ತರಿಸಿದರೆ ಬೆಳಕು ಟ್ಯಾಂಕ್‌ನ ಹೊರಗೆ ಚೆಲ್ಲಿ ಕೂತು ನೋಡುವವರ ಕಣ್ಣಿಗೆ ಚುಚ್ಚುತ್ತದೆ. ನಾನು 25ರಲ್ಲಿ ನಿಲ್ಲಿಸಿದ್ದೇನೆ.

ಚಾವಣಿಯಿಂದ ತೂಗುವುದಾದರೆ ದೀಪದ ತೂಕದ ಹಲವು ಪಟ್ಟು ತಾಳುವ ಕೊಕ್ಕೆ ಹಾಕಿ, ಗಟ್ಟಿ ಕಾಂಕ್ರೀಟ್‌ಗೋ ಮರದ ತೊಲೆಗೋ ಬಿಗಿಯಿರಿ. ಟ್ಯಾಂಕ್‌ನ ಅಂಚಿಗೆ ಕಚ್ಚಿಸುವ ತೋಳಾದರೆ ಗಾಜಿಗೂ ಸ್ಕ್ರೂಗೂ ನಡುವೆ ರಬ್ಬರ್ ತುಂಡು ಕೊಡಿ. ಅಂಚಿಲ್ಲದ ತೆಳು ಗಾಜಿನ ಟ್ಯಾಂಕ್‌ಗೆ ಭಾರದ ದೀಪ ಕಚ್ಚಿಸಬೇಡಿ.

ವಿದ್ಯುತ್ತಿನ ಬಗ್ಗೆ ಒಂದಿಷ್ಟೂ ಸಡಿಲ ಬೇಡ. ಉಪ್ಪು ನೀರು ವಿದ್ಯುತ್ತನ್ನು ಸಿಹಿ ನೀರಿಗಿಂತ ಎಷ್ಟೋ ಚೆನ್ನಾಗಿ ಹರಿಸುತ್ತದೆ. ಟ್ಯಾಂಕ್‌ನ ಎಲ್ಲ ಪ್ಲಗ್‌ಗಳೂ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್ ಮೂಲಕವೇ ಬರಲಿ. ಪ್ರತಿ ವೈರನ್ನೂ ಪ್ಲಗ್‌ಗಿಂತ ಕೆಳಕ್ಕೆ ಜೋತುಬಿಟ್ಟು ಮತ್ತೆ ಮೇಲಕ್ಕೆ ತನ್ನಿ. ವೈರ್ ಹಿಡಿದು ಇಳಿಯುವ ನೀರಿನ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್‌ ತಲುಪುವುದಿಲ್ಲ. ದೀಪದ ಅಡಾಪ್ಟರ್ ಟ್ಯಾಂಕ್‌ನ ಅಡಿ ಕಪಾಟಿನ ನೆಲದ ಮೇಲೆ ಬಿದ್ದಿರಬಾರದು. ಪಕ್ಕದ ಗೋಡೆಗೆ ಎತ್ತರದಲ್ಲಿ ಸ್ಕ್ರೂ ಹಾಕಿ. ಜೋಡಣೆ ಮಾಡುವಾಗ ಉರಿಯುತ್ತಿರುವ ದೀಪವನ್ನು ಕೆಳಗಿನಿಂದ ದಿಟ್ಟಿಸಿ ನೋಡಬೇಡಿ. ಮಂಕಾಗಿ ಕಾಣುವ ನೀಲಿ ಬೆಳಕೂ ಕಣ್ಣಿನ ಪರದೆಗೆ ಹಾನಿ ಮಾಡಬಲ್ಲದು.

ಹೆಜ್ಜೆ 5: ಅಳೆಯುವುದು

ಈ ಹೆಜ್ಜೆಯನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ನಮ್ಮ ಕಣ್ಣು ಹಗಲಿನಲ್ಲಿ ಅತಿ ಚುರುಕಾಗಿರುವುದು 555 ನ್ಯಾನೋಮೀಟರ್‌ನ ಹಳದಿ-ಹಸಿರಿಗೆ. 450ರ ನೀಲಿಗೆ ಕಣ್ಣಿನ ಸ್ಪಂದನೆ ಅದರ ಸುಮಾರು ಶೇ. 4 ಮಾತ್ರ. ಹವಳಕ್ಕೆ ಊಟವಾಗುವ ಬೆಳಕನ್ನೇ ನಾವು ಸರಿಯಾಗಿ ಕಾಣುವುದಿಲ್ಲ. ನನ್ನ ಮಾಂಟಿಪೋರಾ ಸುಟ್ಟದ್ದು ಇದೇ ಕಾರಣಕ್ಕೆ. ಫೋನಿನ ಲಕ್ಸ್ ಆ್ಯಪ್ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಸಾಲದು. ಲಕ್ಸ್ ಅನ್ನುವುದು ಮನುಷ್ಯನ ಕಣ್ಣಿನ ಅಳತೆಗೇ ಮಾಡಿದ ಮಾನ. ಬಿಸಿಲಿನಲ್ಲಿ ಒಂದು ಪಾರ್‌ಗೆ ಸುಮಾರು 54 ಲಕ್ಸ್ ಬರುತ್ತದೆ. ಬರೀ ರಾಯಲ್ ಬ್ಲೂ ಬೆಳಕಿನಲ್ಲಿ ಒಂದು ಪಾರ್‌ಗೆ ಬರುವುದು ಸುಮಾರು 7 ಲಕ್ಸ್. ಬಿಸಿಲಿನ ಲೆಕ್ಕ ಹಿಡಿದು ನೀಲಿ ದೀಪ ಅಳೆದರೆ ಏಳೆಂಟು ಪಟ್ಟು ತಪ್ಪಾಗುತ್ತದೆ. ಬಿಳಿ ಎಷ್ಟು, ನೀಲಿ ಎಷ್ಟು ಅನ್ನುವುದರ ಮೇಲೆ ತಪ್ಪಿನ ಪ್ರಮಾಣವೂ ಬದಲಾಗುತ್ತದೆ.

ಪಾರ್ ಮೀಟರ್ ಬೇಕು. ನೀರಿನೊಳಗೆ ಬಳಸಲು ಅಂತಲೇ ಮಾಡಿದ ಅಪೋಜಿ ಎಂಕ್ಯೂ-510 ಈ ಹವ್ಯಾಸದಲ್ಲಿ ಹೆಸರಾದದ್ದು. ಗಾಳಿಯಲ್ಲಿ ಅಳೆಯಲು ಮಾಡಿದ ಸೆನ್ಸರ್ ನೀರಿನೊಳಗೆ ಕಮ್ಮಿ ಅಂಕಿ ತೋರಿಸುತ್ತದೆ. ಅದಕ್ಕೆ ತಿದ್ದುಪಡಿ ಮಾಡಿಕೊಳ್ಳಬೇಕು. ಈ ಮೀಟರ್ ಅದನ್ನು ತಾನೇ ಮಾಡಿಕೊಳ್ಳುತ್ತದೆ. ದುಬಾರಿ ಸಾಧನ, ವರ್ಷಕ್ಕೆ ಎರಡು ಮೂರು ಸಲ ಮಾತ್ರ ಬೇಕಾಗುವಂಥದ್ದು. ಹಾಗಾಗಿ ಕೊಳ್ಳುವ ಅಗತ್ಯವಿಲ್ಲ. ಹವಳ ಸಾಕುವ ನಾಲ್ಕೈದು ಜನ ಸೇರಿ ಒಂದು ಇಟ್ಟುಕೊಳ್ಳಬಹುದು, ಬಾಡಿಗೆಗೆ ತರಬಹುದು.

ಅಳೆಯುವ ಕ್ರಮ ಹೀಗೆ. ಕೋಣೆಯ ಬೇರೆ ದೀಪ ಆರಿಸಿ. ಎಲ್ಲ ಬಣ್ಣಗಳನ್ನೂ ನೀವು ಮಧ್ಯಾಹ್ನಕ್ಕೆ ಇಡಬೇಕೆಂದಿರುವ ಅನುಪಾತದಲ್ಲಿ ಶೇ. 50ಕ್ಕೆ ನಿಲ್ಲಿಸಿ. ಪಂಪ್‌ಗಳು ಓಡುತ್ತಿರಲಿ, ಏಕೆಂದರೆ ಅಲೆ ಇದ್ದಾಗಿನ ಬೆಳಕೇ ಹವಳಕ್ಕೆ ದಿನವೂ ಸಿಗುವುದು. ಸೆನ್ಸರನ್ನು ಕೋಲಿಗೆ ಕಟ್ಟಿ, ಮುಖ ನೇರ ಮೇಲಕ್ಕೆ ಇರುವಂತೆ ಇಳಿಸಿ. ಅಲೆಯಿಂದ ಅಂಕಿ ಕುಣಿಯುತ್ತದೆ. ಅರ್ಧ ನಿಮಿಷ ನೋಡಿ ನಡುವಿನದನ್ನು ಬರೆದುಕೊಳ್ಳಿ. ಮರಳಿನ ಮೇಲೆ ಆರು ಜಾಗ, ಬಂಡೆಯ ಅರ್ಧ ಎತ್ತರದಲ್ಲಿ ಮೂರು, ತುದಿಯಲ್ಲಿ ಮೂರು. ಕಾಗದದ ಮೇಲೆ ಟ್ಯಾಂಕ್‌ನ ಚಿತ್ರ ಬಿಡಿಸಿ ಆಯಾ ಜಾಗಕ್ಕೆ ಅಂಕಿ ತುಂಬಿಸಿ.

ನನ್ನ ಟ್ಯಾಂಕ್‌ನಲ್ಲಿ ಶೇ. 50ಕ್ಕೆ ಬಂಡೆ ತುದಿಯಲ್ಲಿ 230, ನಡುವೆ 130, ಮರಳಿನ ನಡುವೆ 85, ಮೂಲೆಗಳಲ್ಲಿ 50 ಬಂತು. ಅಂದರೆ ನನಗೆ ಬೇಕಾದ್ದು ಅರ್ಧ ಶಕ್ತಿಯಲ್ಲೇ ಸಿಕ್ಕಿತ್ತು. ಹೆಚ್ಚಿನ ದೀಪಗಳಲ್ಲಿ ಶೇಕಡಾ ಮತ್ತು ಪಾರ್ ಹೆಚ್ಚುಕಡಿಮೆ ಜೊತೆಯಾಗಿ ಏರಿಳಿಯುತ್ತವೆ. ಶೇ. 50ರ ಅಂಕಿ ಗೊತ್ತಿದ್ದರೆ ಶೇ. 30ರದ್ದು ಲೆಕ್ಕ ಹಾಕಬಹುದು. ಈ ಕಾಗದವನ್ನು ಜೋಪಾನವಾಗಿಡಿ. ಮುಂದೆ ಹೊಸ ಹವಳ ಬಂದಾಗಲೆಲ್ಲ ಅದನ್ನು ಎಲ್ಲಿ ಇಡಬೇಕು ಅಂತ ಇದೇ ಹೇಳುವುದು.

ಹೆಜ್ಜೆ 6: ದಿನದ ವೇಳಾಪಟ್ಟಿ

ಬೆಳಿಗ್ಗೆ 10ಕ್ಕೆ ನೀಲಿ ಸೊನ್ನೆಯಿಂದ ಏರಲು ಶುರುವಾಗಲಿ. 12ಕ್ಕೆ ಪೂರ್ತಿ ಮಟ್ಟ. ಸಂಜೆ 6ರವರೆಗೆ ಹಾಗೇ ಇರಲಿ. ಅಲ್ಲಿಂದ ಇಳಿಯುತ್ತಾ ರಾತ್ರಿ 8ಕ್ಕೆ ಆರಲಿ. ನೀವು ಸಂಜೆ ತಡವಾಗಿ ಮನೆಗೆ ಬರುವವರಾದರೆ ಇಡೀ ಪಟ್ಟಿಯನ್ನು ಎರಡು ಗಂಟೆ ಮುಂದಕ್ಕೆ ತಳ್ಳಿ. ಹೊರಗಿನ ಗಡಿಯಾರ ಹವಳಕ್ಕೆ ಬೇಕಿಲ್ಲ, ದಿನವೂ ಒಂದೇ ಹೊತ್ತು ಆದರೆ ಸಾಕು.

ಇದರ ಲೆಕ್ಕ ನೋಡಿ. ಆರು ಗಂಟೆ ಪೂರ್ತಿ ಬೆಳಕು. ಏರುವ ಎರಡು ಗಂಟೆ ಪೂರ್ತಿ ಬೆಳಕಿನ ಒಂದು ಗಂಟೆಗೆ ಸಮ, ಇಳಿಯುವುದೂ ಹಾಗೇ. ಒಟ್ಟು ಎಂಟು ಗಂಟೆ, ಅಂದರೆ 28,800 ಸೆಕೆಂಡು. ಪಾರ್ 200 ಆದರೆ ದಿನಕ್ಕೆ ಚದರ ಮೀಟರ್‌ಗೆ 5.76 ಮೋಲ್ ಬೆಳಕು. ದಿನದ ಒಟ್ಟು ಬೆಳಕು ಅನ್ನುವುದು ಇದು. ಸುಮ್ನೆ ಗಣಿತಕ್ಕಾಗಿ ಹೇಳುತ್ತಿಲ್ಲ. ವೇಳೆ ಹಿಗ್ಗಿಸುವುದೂ ಬೆಳಕು ಏರಿಸಿದ ಹಾಗೇ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಸಂಜೆ ಇನ್ನೂ ಎರಡು ಗಂಟೆ ನೋಡೋಣ ಅಂತ ಪೂರ್ತಿ ಬೆಳಕನ್ನು ಹಿಗ್ಗಿಸಿದರೆ ಹವಳಕ್ಕೆ ಕಾಲು ಪಾಲು ಜಾಸ್ತಿ ಬೆಳಕು ಹೋಯಿತು. ನೋಡುವ ಆಸೆಗೆ ಕೊನೆಯ ಹೊತ್ತು ಶೇ. 10ರ ನೀಲಿ ಮಾತ್ರ ಇಡಿ. ಹವಳಗಳು ಅತಿ ಚಂದ ಹೊಳೆಯುವುದೂ ಆಗಲೇ.

ಬಿಳಿಯನ್ನು ನೀಲಿಯ ನಂತರ ಹಚ್ಚಿ, ನೀಲಿಗಿಂತ ಮೊದಲು ಆರಿಸಿ. ನನ್ನಲ್ಲಿ ನೀಲಿ ಮತ್ತು ನೇರಳೆ ಶೇ. 50 ಇದ್ದಾಗ ಬಿಳಿ ಶೇ. 15. ಬಿಳಿ ಜಾಸ್ತಿ ಇಟ್ಟರೆ ಹವಳ ಸಾಯುವುದಿಲ್ಲ. ಎಷ್ಟೋ ಒಳ್ಳೆಯ ಟ್ಯಾಂಕ್‌ಗಳು ಬಿಳಿಯಾಗೇ ಇವೆ. ಆದರೆ ಹೊಸ ಟ್ಯಾಂಕ್‌ನಲ್ಲಿ ಬಿಳಿ ಏರಿಸಿದವರು ಬೇಡದ ಪಾಚಿಯ ಜೊತೆ ಹೆಚ್ಚು ಗುದ್ದಾಡುವುದನ್ನು ಕಂಡಿದ್ದೇನೆ. ರಾತ್ರಿ ಕನಿಷ್ಠ ಎಂಟು ಗಂಟೆ ಕತ್ತಲೆ ಇರಲಿ. ಚಂದ್ರನ ಬೆಳಕಿನ ಮೋಡ್ ಇದ್ದರೆ ತೀರಾ ಮಂದವಾಗಿ, ಒಂದೆರಡು ಗಂಟೆ ಮಾತ್ರ.

ಹವಳವೇ ಇಲ್ಲದ, ಇನ್ನೂ ಸೈಕಲ್ ಆಗುತ್ತಿರುವ (ತ್ಯಾಜ್ಯ ಅರಗಿಸುವ ಬ್ಯಾಕ್ಟೀರಿಯಾ ಈಗಷ್ಟೇ ನೆಲೆಯೂರುತ್ತಿರುವ) ಟ್ಯಾಂಕ್‌ಗೆ ಈ ಪಟ್ಟಿ ಬೇಡ. ಅಲ್ಲಿ ದೀಪ ಹಚ್ಚಿದರೆ ಬೆಳೆಯುವುದು ಬೇಡದ ಪಾಚಿ ಮಾತ್ರ.

ಹೆಜ್ಜೆ 7: ಒಗ್ಗಿಸುವುದು

ಹವಳ ತನ್ನೊಳಗಿನ ಪಾಚಿಯ ಪ್ರಮಾಣವನ್ನು, ಅದರ ವರ್ಣದ್ರವ್ಯವನ್ನು ಬೆಳಕಿಗೆ ತಕ್ಕಂತೆ ಬದಲಿಸಿಕೊಳ್ಳುತ್ತದೆ. ಆದರೆ ಅದಕ್ಕೆ ವಾರಗಳು ಬೇಕು. ಗುಂಡಿ ಒತ್ತುವ ವೇಗದಲ್ಲಿ ಆಗುವುದಿಲ್ಲ.

ನಿಮ್ಮ ಗುರಿ ಶೇ. 50 ಆಗಿದ್ದರೆ ಶೇ. 20ರಿಂದ ಶುರು ಮಾಡಿ. ವಾರಕ್ಕೆ ಶೇ. 5 ಮಾತ್ರ ಏರಿಸಿ. ಆರು ವಾರಕ್ಕೆ ಗುರಿ ಮುಟ್ಟುತ್ತೀರಿ. ಕೆಲವು ದೀಪಗಳಲ್ಲಿ ಇದನ್ನು ತಾನಾಗೇ ಮಾಡುವ ಒಗ್ಗಿಸುವ ಮೋಡ್ ಇರುತ್ತದೆ. ಅದನ್ನು ಬಳಸಿ, ಬಳಸದಿದ್ದರೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಹಳೆಯ ದೀಪದಿಂದ ಹೊಸದಕ್ಕೆ ಹೋಗುವವರು ಹಳೆಯದನ್ನು ತೆಗೆಯುವ ಮೊದಲೇ ಅದರ ಪಾರ್ ಅಳೆದಿಟ್ಟುಕೊಳ್ಳಿ. ಹೊಸದನ್ನು ಅದರ ಮುಕ್ಕಾಲು ಪಾರ್‌ಗೆ ಹೊಂದಿಸಿ ಅಲ್ಲಿಂದ ಏರಿಸಿ. ಅಂಕಿ ಅಷ್ಟೇ ಇದ್ದರೂ ಬೆಳಕಿನ ಬಣ್ಣ ಬದಲಾಗಿರುತ್ತದೆ, ಆದ್ದರಿಂದ ಆ ಕಾಲು ಪಾಲು ಬಿಟ್ಟುಕೊಡುವುದು ಒಳ್ಳೆಯದು.

ಹೊಸದಾಗಿ ತಂದ ಹವಳವನ್ನು ಮೊದಲು ಮರಳಿನ ಮೇಲೆ, ಮೂಲೆ ಕಡೆ ಇಡಿ. ವಾರದ ಮೇಲೆ ಪಾಲಿಪ್ ಚೆನ್ನಾಗಿ ಬಿಚ್ಚಿದರೆ ಸ್ವಲ್ಪ ಮೇಲಕ್ಕೆ. ಮತ್ತೊಂದು ವಾರ, ಮತ್ತೆ ಸ್ವಲ್ಪ. ಕೊಟ್ಟವರ ಟ್ಯಾಂಕ್‌ನಲ್ಲಿ ಅದು ಎಷ್ಟು ಪಾರ್‌ನಲ್ಲಿತ್ತು ಅಂತ ಕೇಳಿ ತಿಳಿದರೆ ಕೆಲಸ ಅರ್ಧ ಮುಗಿದ ಹಾಗೆ. ಝೋವಾಂಥಿಡ್ ಮುಟ್ಟುವಾಗ ಕೈಗವಸು ಹಾಕಿ, ಕಣ್ಣಿಗೆ ನೀರು ಚಿಮ್ಮದಂತೆ ನೋಡಿಕೊಳ್ಳಿ. ಅವುಗಳಲ್ಲಿ ಕೆಲವದರಲ್ಲಿ ಪಾಲಿಟಾಕ್ಸಿನ್ ಎಂಬ ಕಡುವಿಷ ಇರುತ್ತದೆ. ಹೂವಿನ ಹಾಗೆ ಕಾಣುವ ಪ್ರಾಣಿ ಅನಿಮೋನ್ ಇದ್ದರೆ ಇನ್ನೊಂದು ಎಚ್ಚರ. ಬೆಳಕು ಬದಲಾದರೆ ಅದು ಜಾಗ ಬಿಟ್ಟು ನಡೆಯುತ್ತದೆ. ಆ ವಾರಗಳಲ್ಲಿ ಪಂಪ್‌ಗಳ ಬಾಯಿಗೆ ಬಲೆ ಅಥವಾ ಸ್ಪಂಜು ಕಟ್ಟಿಡಿ.

ಹವಳ ಏನು ಹೇಳುತ್ತಿದೆ

ಮೀಟರ್ ಇದ್ದರೂ ಕೊನೆಯ ಮಾತು ಹವಳದ್ದು. ದಿನವೂ ಒಂದೇ ಹೊತ್ತಿಗೆ, ಒಂದೇ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಫೋನಿನ ಕ್ಯಾಮೆರಾ ಮುಂದೆ ಕಿತ್ತಳೆ ಫಿಲ್ಟರ್ ಇದ್ದರೆ ಬಣ್ಣ ಸರಿಯಾಗಿ ಬರುತ್ತದೆ. ದಿನವೂ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ತಿಳಿಯುವುದಿಲ್ಲ. ಎರಡು ವಾರದ ಹಿಂದಿನ ಫೋಟೋ ಪಕ್ಕದಲ್ಲಿಟ್ಟರೆ ತಿಳಿಯುತ್ತದೆ.

ಬೆಳಕು ಕಮ್ಮಿ ಅನ್ನುವುದರ ಗುರುತು: ಬಣ್ಣ ಕಂದಿಗೆ ತಿರುಗುವುದು, ಪಾಲಿಪ್‌ಗಳು ಉದ್ದಕ್ಕೆ ಚಾಚಿಕೊಳ್ಳುವುದು, ಝೋವಾಂಥಿಡ್‌ನ ಕತ್ತು ನೀಳವಾಗುವುದು. ಇದರಲ್ಲಿ ಅವಸರವೇನಿಲ್ಲ. ವಾರಕ್ಕೆ ಶೇ. 5 ಏರಿಸುತ್ತಾ ಹೋಗಿ.

ಬೆಳಕು ಜಾಸ್ತಿ ಅನ್ನುವುದರ ಗುರುತು: ಬಣ್ಣ ತೆಳುವಾಗುವುದು, ಹಗಲಲ್ಲಿ ಮುದುಡಿಕೊಂಡು ಸಂಜೆ ಬಿಚ್ಚುವುದು, ಮಶ್ರೂಮ್‌ಗಳ ಅಂಚು ಮಡಚಿ ಕುಗ್ಗುವುದು. ಇದಕ್ಕೆ ಅವತ್ತೇ ಕೈ ಹಾಕಬೇಕು. ಬೆಳಕನ್ನು ಮೂರನೇ ಒಂದು ಪಾಲು ಇಳಿಸಿ, ಅಥವಾ ಹವಳವನ್ನು ನೆರಳಿಗೆ ತನ್ನಿ.

ಬಿಳಿಯಾದ ಹವಳ ಕಂಡಾಗ ಮೊದಲು ಎಲ್ಲಿ ಬಿಳಿಯಾಗಿದೆ ಅಂತ ನೋಡಿ. ಮೇಲ್ಭಾಗ ಬಿಳಿ, ಅಡಿಯ ನೆರಳಿನಲ್ಲಿ ಬಣ್ಣ ಹಾಗೇ ಇದೆ ಅಂದರೆ ಅದು ಬೆಳಕಿನ ಏಟು. ಬುಡದಿಂದ ಚರ್ಮ ಸುಲಿದು ಮೇಲಕ್ಕೆ ಹೋಗುತ್ತಿದೆ ಅಂದರೆ ಬೆಳಕಿನ ಮೇಲೆ ತಪ್ಪು ಹೊರಿಸಬೇಡಿ. ಅಲ್ಕಲಿನಿಟಿ (ಹವಳ ಅಸ್ಥಿ ಕಟ್ಟಲು ಬಳಸುವ, ನೀರಿನಲ್ಲಿ ಕರಗಿದ ಕಾರ್ಬೊನೇಟ್‌ಗಳ ಅಳತೆ) ಏರುಪೇರು, ಶಾಖ, ಇಲ್ಲವೇ ಹುಳುವಿನ ಕಾಟ ಇರಬಹುದು. ಹತ್ತಿರದಿಂದ ನೋಡಿದಾಗ ಬಿಳಿಯ ಮೇಲೆ ತೆಳುವಾದ ಚರ್ಮ, ಸಣ್ಣ ಪಾಲಿಪ್ ಕಂಡರೆ ಜೀವ ಇದೆ. ಬೆಳಕು ತಗ್ಗಿಸಿ, ಸಣ್ಣ ಆಹಾರ ಕೊಡುತ್ತಾ ಕಾಯಿರಿ. ನನ್ನ ಮಾಂಟಿಪೋರಾಗೆ ಬಣ್ಣ ಮರಳಲು ಹತ್ತು ವಾರ ಹಿಡಿಯಿತು. ಅಂಚಿನಿಂದ ಒಳಕ್ಕೆ ಕಂದು, ಆಮೇಲೆ ಕಿತ್ತಳೆ. ಆ ಹತ್ತು ವಾರ ದಿನಾ ಬೆಳಿಗ್ಗೆ ಮೊದಲು ನೋಡುತ್ತಿದ್ದದ್ದು ಅದನ್ನೇ.

ಬೆಳಕು ಏರಿದರೆ ಬೇರೆಯದೂ ಬದಲಾಗುತ್ತದೆ

ಬೆಳಕು ಜಾಸ್ತಿಯಾದಂತೆ ಹವಳ ವೇಗವಾಗಿ ಅಸ್ಥಿ ಕಟ್ಟುತ್ತದೆ. ಅಲ್ಕಲಿನಿಟಿ ಮತ್ತು ಕ್ಯಾಲ್ಸಿಯಂ ಬೇಗ ಖರ್ಚಾಗುತ್ತವೆ. ಏರಿಸುವ ವಾರಗಳಲ್ಲಿ ಎರಡು ದಿನಕ್ಕೊಮ್ಮೆ ಅಲ್ಕಲಿನಿಟಿ ಪರೀಕ್ಷೆ ಮಾಡಿ. ಅದರ ಮಾನ ಡಿಕೆಎಚ್. ನಾನು 8ರಿಂದ 9 ಡಿಕೆಎಚ್ ಒಳಗೆ ಹಿಡಿದಿಡುತ್ತೇನೆ. ಅಂಕಿ ಇಳಿಯುತ್ತಿದ್ದರೆ ಡೋಸಿಂಗ್, ಅಂದರೆ ಖರ್ಚಾದದ್ದನ್ನು ನೀರಿಗೆ ಮತ್ತೆ ಸೇರಿಸುವುದನ್ನು, ಹೆಚ್ಚಿಸದೆ ಬೆಳಕು ಮುಂದೆ ಏರಿಸಬೇಡಿ.

ಪೋಷಕಾಂಶವೂ ಅಷ್ಟೇ ಮುಖ್ಯ. ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಸೊನ್ನೆ ಇರುವ ಟ್ಯಾಂಕ್‌ನಲ್ಲಿ ಗಾಢ ಬೆಳಕು ಹಾಕುವುದು ಹಸಿದವನನ್ನು ಬಿಸಿಲಲ್ಲಿ ದುಡಿಸಿದ ಹಾಗೆ. ಹವಳ ತೆಳುವಾಗಿ, ಬಿಳಿಚಿಕೊಂಡು ನಿಲ್ಲುತ್ತದೆ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ನಿಶ್ಚಿಂತೆ. ಶಾಖದ ಮೇಲೂ ಕಣ್ಣಿಡಿ. ಬಿಸಿ ನೀರು ಮತ್ತು ಬಲವಾದ ಬೆಳಕು ಸೇರಿದಾಗ ಬ್ಲೀಚಿಂಗ್ ಬೇಗ ಬರುತ್ತದೆ. ಬೇಸಿಗೆಯಲ್ಲಿ ನೀರು 28 ಡಿಗ್ರಿ ದಾಟುತ್ತಿದ್ದರೆ ಆ ದಿನಗಳಿಗೆ ಬೆಳಕನ್ನು ತಗ್ಗಿಸಿಡಿ.

ನಿರ್ವಹಣೆ

ಪಂಪ್ ಚಿಮ್ಮಿಸುವ ನೀರು ಲೆನ್ಸ್ ಮೇಲೆ ಒಣಗಿ ಉಪ್ಪಿನ ಪೊರೆ ಕಟ್ಟುತ್ತದೆ. ತಿಂಗಳಿಗೊಮ್ಮೆ ದೀಪ ಆರಿಸಿ, ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಒದ್ದೆ ಮೃದು ಬಟ್ಟೆಯಿಂದ ಒರೆಸಿ. ಉಪ್ಪು ಗಟ್ಟಿಯಾಗಿದ್ದರೆ ನೀರು ಬೆರೆಸಿದ ವಿನೆಗರ್. ಫ್ಯಾನ್‌ನ ಧೂಳು ಮೂರು ತಿಂಗಳಿಗೊಮ್ಮೆ ತೆಗೆಯಿರಿ, ಇಲ್ಲದಿದ್ದರೆ ಒಳಗೆ ಬಿಸಿಯೇರಿ ಎಲ್‌ಇಡಿಗಳ ಆಯುಸ್ಸು ಕುಗ್ಗುತ್ತದೆ. ಎಷ್ಟೋ ತಿಂಗಳ ಪೊರೆಯನ್ನು ಒಂದೇ ದಿನ ಒರೆಸಿದರೆ ಹವಳಕ್ಕೆ ಬೆಳಕು ಹಠಾತ್ತಾಗಿ ಏರಿದ ಹಾಗೇ ಆಗುತ್ತದೆ. ಹಾಗಾದಾಗ ಒಂದು ವಾರ ಶೇ. 10 ತಗ್ಗಿಸಿ ಇಡಿ. ಮೀನು ಹಾರದಂತೆ ಹಾಕಿದ ಬಲೆ ಅಥವಾ ಗಾಜಿನ ಮುಚ್ಚಳವೂ ಬೆಳಕು ತಿನ್ನುತ್ತದೆ. ಅದನ್ನು ಹಾಕಿದ ಮೇಲೆ, ಅಥವಾ ತೆಗೆದ ಮೇಲೆ, ಮತ್ತೆ ಅಳೆಯಿರಿ.

ಆರು ತಿಂಗಳಿಗೊಮ್ಮೆ ಪಾರ್ ನಕ್ಷೆ ಹೊಸದಾಗಿ ಬರೆಯಿರಿ. ಹವಳ ಮೇಲಕ್ಕೆ ಬೆಳೆಯುತ್ತದೆ. ಅಂಟಿಸಿದಾಗ 200 ಇದ್ದ ಅಕ್ರೋಪೋರಾದ ತುದಿ ಎಂಟು ಸೆಂ.ಮೀ. ಏರಿದ ಮೇಲೆ 280ರಲ್ಲಿ ನಿಂತಿರಬಹುದು. ಅದರ ಕೆಳಗಿನ ಹ್ಯಾಮರ್ ಈಗ ಅದರ ನೆರಳಿನಲ್ಲಿರುತ್ತದೆ. ಸೆನ್ಸರನ್ನು ಬಂಡೆಯ ಮೇಲಲ್ಲ, ಹವಳದ ತುದಿಗೇ ಹಿಡಿದು ಅಳೆಯಿರಿ.